ಹನ್ನೆರಡು ಮಂದಿಯ ಮುಂದೆ ನಿಲ್ಲುತ್ತೇನೆಂದ ಆರ್ಡಿತ್

ಆರ್ಡಿತ್ ಬೀಲರ್ ಇಪ್ಪತ್ತಮೂರು ವರ್ಷ ಮುದುಕ ಮುದುಕಿಯರ ಮೈ ತೊಳೆದವಳು. ಮಿಸೌರಿಯ ಕಾರ್ಲಿಸ್ ಊರಿನ ಅಂಚಿನಲ್ಲಿ, ಜೋಳದ ಕಣಜಗಳನ್ನು ದಾಟಿದ ಮೇಲೆ ಒಂದು ವೃದ್ಧಾಶ್ರಮವಿತ್ತಲ್ಲ, ಅಲ್ಲಿ. ಯಾರಿಗೆ ನೀರು ಎಷ್ಟು ಬಿಸಿ ಬೇಕು, ಯಾರ ಬೆನ್ನಿನ ಯಾವ ಜಾಗಕ್ಕೆ ಬಟ್ಟೆ ತಾಗಿದರೆ ನೋವು, ಯಾವ ಮುದುಕಿಯನ್ನು ಗೋಡೆ ಕಡೆ ತಿರುಗಿ ನಿಲ್ಲಲು ಬಿಟ್ಟು ಆಮೇಲೆ ಗುಂಡಿ ಬಿಚ್ಚಬೇಕು, ಇದೆಲ್ಲ ಅವಳಿಗೆ ಬಾಯಿಪಾಠ. ಓದಿದ್ದು ಎಂಟನೇ ತರಗತಿ. ಗಂಡ ಡೆಲ್ಮರ್ ಲಾರಿ ಓಡಿಸಿಕೊಂಡು ಟೆಕ್ಸಸ್ ಕಡೆ ಹೋದವನು ಒಂದು ಸಲ ತಿರುಗಿ ಬರಲೇ ಇಲ್ಲ; ಅವನ ವಿಷಯ ಇಷ್ಟು ಸಾಕು. ಅವಳೂ ತಂಗಿ ನೇಡೀನಳೂ ಒಂದೇ ಮನೆಯಲ್ಲಿದ್ದರು. ನೇಡೀನ್ ಅಂಚೆ ಕಚೇರಿ ಪಕ್ಕದ ಬಟ್ಟೆ ತೊಳೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಊರಿನ ಸುದ್ದಿಯೆಲ್ಲ ಮೊದಲು ಅವಳ ಕಿವಿಗೆ ಬೀಳುತ್ತಿತ್ತು.

ಎಂಬತ್ತಾರನೇ ಇಸವಿಯ ಜನವರಿ, ಒಂದು ಗುರುವಾರ. ಟಾಲಿವರ್ ಎನ್ನುವವರಿಗೆ ಸ್ನಾನ ಮಾಡಿಸಿ ತೊಟ್ಟಿಯಿಂದ ಇಳಿಸುತ್ತಿದ್ದಳು. ಎಂಬತ್ತೊಂದು ವರ್ಷದ ಮುದುಕರು, ಮೊದಲು ಟಪಾಲು ಹಂಚುತ್ತಿದ್ದವರು. ಒಂದು ಕಾಲು ನೆಲಕ್ಕೆ ಬಂದಿತ್ತು, ಇನ್ನೊಂದು ಜಾರಿತು. ತಲೆ ಹೋಗಿ ನಲ್ಲಿಗೆ ಬಡಿಯುವುದರೊಳಗೆ ಆರ್ಡಿತ್ ಎರಡೂ ಕೈಯಲ್ಲಿ ಅವರ ತೋಳು ಹಿಡಿದು ತನ್ನ ಕಡೆ ಎಳೆದುಕೊಂಡಳು. ಇಬ್ಬರೂ ಒದ್ದೆ ನೆಲದ ಮೇಲೆ ಕುಸಿದು ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಜಾರಿದ್ದನ್ನು ದಿನದ ಹಾಳೆಯಲ್ಲಿ ಬರೆಯಬೇಕು, ಅದು ಆಶ್ರಮದ ಕಟ್ಟಳೆ. ಟಾಲಿವರ್ ಅವಳ ಮಣಿಕಟ್ಟು ಹಿಡಿದುಕೊಂಡು ಬರೆಯಬೇಡ ಎಂದು ಬೇಡಿಕೊಂಡರು. ಅವಳು ಬರೆಯಲಿಲ್ಲ.

ರಕ್ತ ತೆಳ್ಳಗಾಗುವ ಮಾತ್ರೆ ತಿನ್ನುವವರ ಚರ್ಮ ಈರುಳ್ಳಿ ಸಿಪ್ಪೆ ಇದ್ದ ಹಾಗೆ. ಭಾನುವಾರ ಮಗಳು ರೊಬರ್ಟಾ ನೋಡಲು ಬಂದಾಗ ಅಪ್ಪನ ತೋಳು ಭುಜದಿಂದ ಮೊಣಕೈವರೆಗೆ ಕಪ್ಪಗೆ ನೀಲಿಗಟ್ಟಿತ್ತು. ಬೆರಳಿನ ಗುರುತು ಒಂದೊಂದೂ ಎಣಿಸುವ ಹಾಗೆ ಎದ್ದಿದ್ದವು. ಇದೇನು ಎಂದು ರೊಬರ್ಟಾ ಕೇಳಿದಳು. ಮುದುಕರಿಗೆ ಆಗಲೇ ನೆನಪು ಬೆಳಿಗ್ಗೆ ಇದ್ದರೆ ಮಧ್ಯಾಹ್ನ ಇಲ್ಲ. ಹಾಳೆ ನೋಡಿದರೆ ಅಲ್ಲಿ ಏನೂ ಇಲ್ಲ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ಆರ್ಡಿತ್ ಮುದುಕರ ತೋಳು ತಿರುಚುವುದನ್ನು ಬಾಗಿಲ ಸಂದಿಯಿಂದ ನೋಡಿದೆ ಎಂದಳು. ಅವಳು ನೋಡಿದ್ದು ನಿಜವೇ. ಏನು ನೋಡಿದೆ ಎಂಬುದು ಅವಳಿಗೆ ಗೊತ್ತಾಗಿರಲಿಲ್ಲ. ರೊಬರ್ಟಾ ಅದೇ ವಾರ ಅಪ್ಪನನ್ನು ಮನೆಗೆ ಕರೆದುಕೊಂಡು ಹೋದಳು. ಆಶ್ರಮದವರು ಪೊಲೀಸರಿಗೆ ಬರೆದುಕೊಟ್ಟರು. ಶೆರಿಫ್ ಕಡೆಯವನು ಆರ್ಡಿತ್‌ಳ ಅಡಿಗೆಮನೆ ಬಾಗಿಲಿಗೆ ಕಾಗದ ಹಿಡಿದು ಬಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಅವನ ಅಜ್ಜಿಗೆ ಕೊನೆಯ ನಾಲ್ಕು ವರ್ಷ ಸ್ನಾನ ಮಾಡಿಸಿದವಳು ಅವಳೇ.

ಕೋರ್ಟಿನವರು ಕೊಟ್ಟ ವಕೀಲ ಪ್ರೂಯಿಟ್. ಮೊಳೆ, ಸುತ್ತಿಗೆ ಮಾರುವ ಅಂಗಡಿಯ ಮಹಡಿ ಮೇಲೆ ಅವನ ಕಚೇರಿ. ಕುರ್ಚಿಯ ಮೇಲಿದ್ದ ಕಡತಗಳನ್ನು ಎತ್ತಿ ನೆಲಕ್ಕಿಟ್ಟು ಅವಳಿಗೆ ಜಾಗ ಮಾಡಿಕೊಟ್ಟ.

"ಸರ್ಕಾರಿ ವಕೀಲರು ಒಂದು ಮಾತು ಹೇಳಿ ಕಳ್ಸಿದಾರೆ, ಮಿಸೆಸ್ ಬೀಲರ್. ಸಣ್ಣ ತಪ್ಪು ಅಂತ ಒಪ್ಕೊಂಡ್ರೆ ಜೈಲಿಲ್ಲ. ಎರಡು ವರ್ಷ ತಿಂಗಳಿಗೊಂದ್ಸಲ ಕೋರ್ಟಿಗೆ ಬಂದು ಮುಖ ತೋರ್ಸಿ ಹೋಗೋದು, ಅಷ್ಟೆ."

"ಕೆಲಸ?"

"ಕೆಲಸ ಹೋಗುತ್ತೆ. ಆ ಥರದ ಕೆಲಸ ಮತ್ತೆ ಎಲ್ಲೂ ಮಾಡೋ ಹಾಗಿಲ್ಲ."

"ಹಾಗಾದ್ರೆ ಬೇಡ. ಜ್ಯೂರಿ ಮುಂದೆ ಹೇಳ್ತೀನಿ. ಹನ್ನೆರಡು ಜನ ಕೂತ್ಕೊಂಡು ಕೇಳ್ಲಿ."

ಪ್ರೂಯಿಟ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಹೋದ ವರ್ಷ ನನ್ನ ಕೈಲಿ ಇನ್ನೂರ ಹನ್ನೊಂದು ಕೇಸಿತ್ತು. ಜ್ಯೂರಿ ತನಕ ಹೋಗಿದ್ದು ಎಷ್ಟು ಅಂದ್ಕೊಂಡ್ರಿ?"

"ಅರ್ಧ?"

"ನಾಲ್ಕು."

ಆರ್ಡಿತ್ ಅವನ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದಾನೇನೋ ಎಂದು. "ಮಿಕ್ಕೋರೆಲ್ಲ ಏನ್ಮಾಡಿದ್ರು?"

"ತಪ್ಪು ಒಪ್ಕೊಂಡು ಸಹಿ ಹಾಕಿದ್ರು. ಒಂದಷ್ಟು ಹಂಗೇ ಬಿದ್ದೋದ್ವು."

"ಸಹಿ ಹಾಕ್ದೋರೆಲ್ಲ ತಪ್ಪು ಮಾಡಿದ್ರಾ?"

"ನಾನು ಆ ಪ್ರಶ್ನೆ ಕೇಳೋದಿಕ್ಕೆ ಹೋಗಲ್ಲ. ಜ್ಯೂರಿ ಮುಂದೆ ಹೋಗಿ ಸೋತ್ರೆ ಐದು ವರ್ಷ ಒಳಗಿರಬೇಕಾಗಬಹುದು. ಮನೆಗೆ ಹೋಗೋದಾ, ಐದು ವರ್ಷಾನಾ, ಅಂತ ಕೇಳಿದ್ರೆ ಜನ ಮನೆಗೆ ಹೋಗ್ತಾರೆ. ಆ ಹಾಳೆ ಯಾಕೆ ಬರೀಲಿಲ್ಲ ಅಂತ ಸರ್ಕಾರಿ ವಕೀಲರು ಕೇಳ್ತಾರೆ. ಅದಕ್ಕೆ ಏನಂತೀರ?"

ಆರ್ಡಿತ್ ನೆಲದ ಮೇಲಿನ ಕಡತಗಳ ಕಡೆ ನೋಡಿದಳು. ಮುದುಕರು ಬೇಡ ಅಂದರು ಎಂದರೆ ಯಾರು ನಂಬುತ್ತಾರೆ? ಆ ಮುದುಕರಿಗೇ ಅದು ನೆನಪಿಲ್ಲ.

ಮನೆಯಲ್ಲಿ ನೇಡೀನ್ ಆಲೂಗಡ್ಡೆ ಸುಲಿಯುತ್ತ ಬಯ್ದಳು. "ಟೀವೀಲಿ ತೋರ್ಸೋದೆಲ್ಲ ನಿಜ ಅಂದ್ಕೊಂಡಿದೀಯ. ಅಲ್ಲಿ ವಕೀಲ ಮೇಜು ಗುದ್ತಾನೆ. ನಿನ್ನ ವಕೀಲನಿಗೆ ಎರಡು ಕಾಲಿಗೆ ಒಂದೇ ಬಣ್ಣದ ಸಾಕ್ಸ್ ಹಾಕ್ಕೊಳ್ಳಕ್ಕೆ ಬರಲ್ಲ."

"ಮಾಡದೇ ಇರೋದನ್ನ ಮಾಡ್ದೆ ಅನ್ಲಾ?"

"ಅನ್ನು. ಅಂದು ಮನೆಗೆ ಬಾ. ನೀನು ಜೈಲಿಗೆ ಹೋದ್ರೆ ಈ ಮನೇಲಿ ನಾನೊಬ್ಬಳೇ ಯಾರ ಮೇಲೆ ಕೂಗಾಡ್ಲಿ?" ಎಂದ ನೇಡೀನ್ ಸುಲಿದಿದ್ದನ್ನೇ ಮತ್ತೆ ಸುಲಿದಳು.

ಮಾರ್ಚ್ ತಿಂಗಳ ಮೊದಲ ಸೋಮವಾರಕ್ಕೆ ದಿನ ಕೊಟ್ಟರು. ಜಿಲ್ಲೆಯ ನಲವತ್ತು ಜನರನ್ನು ಜ್ಯೂರಿಗೆಂದು ಕರೆಸಿ ಅವರಲ್ಲಿ ಹನ್ನೆರಡು ಜನರನ್ನು ಆರಿಸುತ್ತಾರೆ, ತಪ್ಪು ಮಾಡಿದ್ದಾಳೋ ಇಲ್ಲವೋ ಎಂದು ತೀರ್ಮಾನಿಸುವವರು ಆ ಹನ್ನೆರಡು ಜನ, ಎಂದು ಪ್ರೂಯಿಟ್ ಹೇಳಿದ. ನಲವತ್ತು ಜನ. ಆರ್ಡಿತ್‌ಗೆ ವಾರವೆಲ್ಲ ಅದೇ ಯೋಚನೆ. ಬೇಸಾಯಗಾರರು ದನಗಳನ್ನು ಬಿಟ್ಟು ಬರಬೇಕು, ಹೆಂಗಸರು ಮಕ್ಕಳನ್ನು ಇನ್ನೊಬ್ಬರ ಕೈಗೆ ಕೊಟ್ಟು ಬರಬೇಕು, ಎಲ್ಲ ತನ್ನಿಂದ. ಕಾರ್ಲಿಸ್‌ನಲ್ಲಿ ಒಬ್ಬರ ಕಷ್ಟಕ್ಕೆ ನಾಲ್ಕು ಜನ ಬಂದರೆಂದರೆ ಅವರಿಗೆ ತಿನ್ನಲು ಕೊಡದೆ ಕಳಿಸುವುದಿಲ್ಲ. ಸಾವಿನ ಮನೆಯಿರಲಿ, ಬೆಂಕಿ ಬಿದ್ದ ಕೊಟ್ಟಿಗೆಯಿರಲಿ. ಭಾನುವಾರ ಚರ್ಚಿನಿಂದ ಬಂದವಳೇ ಹಿಟ್ಟು ಕಲಸಿಟ್ಟಳು. ಸೋಮವಾರ ಬೆಳಿಗ್ಗೆ ದಾಲ್ಚಿನ್ನಿ ಪುಡಿ ಹಾಕಿದ ಸುರುಳಿ ಬನ್ನು ಎರಡು ತಟ್ಟೆ ತುಂಬ ಸುಟ್ಟು, ಮೇಲೆ ಸಕ್ಕರೆ ಪಾಕ ಹೊಯ್ದು, ಬಟ್ಟೆ ಮುಚ್ಚಿ, ಕೋರ್ಟಿನ ಮೇಲಿನ ಪಡಸಾಲೆಯಲ್ಲಿ ಜ್ಯೂರಿಯವರು ಕಾಫಿ ಕುಡಿಯುತ್ತಿದ್ದ ಮೇಜಿನ ಮೇಲೆ ಇಟ್ಟಳು. ಯಾರ ಜೊತೆಯೂ ಮಾತಾಡಲಿಲ್ಲ. ಕೆಳಗಿಳಿದು ಬಂದು ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು.

ಕಾರ್ಲಿಸ್ ಊರಿನ ಹೆಂಗಸರು ಹೊರಗೆ ಕಳಿಸುವ ತಟ್ಟೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ, ತಟ್ಟೆ ತಿರುಗಿ ಮನೆಗೆ ಬರಲಿ ಎಂದು. ಎರಡೂ ತಟ್ಟೆಯ ತಳದಲ್ಲಿ ದಪ್ಪ ಅಕ್ಷರದಲ್ಲಿ ಆರ್ಡಿತ್ ಬೀಲರ್ ಎಂದಿತ್ತು.

ಕೋರ್ಟಿನ ಜವಾನ ವಿಲ್ಬರ್ ಅವಳ ಜೊತೆ ಶಾಲೆಗೆ ಹೋದವನು. ಅರ್ಧ ಗಂಟೆಯಾದ ಮೇಲೆ ಖಾಲಿ ತಟ್ಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದು ಬಂದ. ಮುಖ ಸುಣ್ಣ ಬಳಿದ ಹಾಗಿತ್ತು.

"ಆರ್ಡಿತ್, ಇದು ನಿಂದಾ?"

"ಇನ್ನೊಂದು ಖಾಲಿ ಆಗಿಲ್ವಾ?"

"ಏನ್ ಮಾಡ್ಬಿಟ್ಟೆ ನೀನು. ಜ್ಯೂರಿಗೆ ತಿಂಡಿ ತಿನ್ಸೋದು ಅಪರಾಧ, ಗೊತ್ತಾ? ಬಾಯಿಗೆ ಹಾಕ್ಕೊಂಡು ಒಬ್ಬ ತಟ್ಟೆ ಎತ್ತಿ ನೋಡಿ, ಆರ್ಡಿತ್ ಬೀಲರ್ ಅಂದ್ರೆ ಯಾರು, ಚೆನ್ನಾಗ್ ಮಾಡ್ತಾಳೆ ಅಂತ ಎಲ್ಲಾರ ಮುಂದೆ ಕೇಳ್ತಾನೆ."

"ನೀನು ಎಷ್ಟು ತಿಂದೆ?"

ವಿಲ್ಬರ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಎರಡು. ಅದನ್ನ ಹೇಳ್ಬೇಡ."

ನ್ಯಾಯಾಧೀಶ ಗಾರ್ಮನ್ ಅವಳನ್ನು ಮುಂದೆ ನಿಲ್ಲಿಸಿಕೊಂಡು ಕನ್ನಡಕ ತೆಗೆದರು. ಸರ್ಕಾರಿ ವಕೀಲ ಹಾಲ್ಸಿ, ಇದು ಲಂಚ ಯುವರ್ ಆನರ್, ಎಂದ. ಪ್ರೂಯಿಟ್ ಎದ್ದು, ಇದು ಬನ್ನು ಯುವರ್ ಆನರ್, ಎಂದ. ಹಿಂದೆ ಯಾರೋ ನಕ್ಕರು. ಗಾರ್ಮನ್ ನಗಲಿಲ್ಲ. ಇನ್ನೊಂದು ಕೇಸು ಹಾಕುವುದಿಲ್ಲ, ಆದರೆ ಆ ನಲವತ್ತು ಜನರಲ್ಲಿ ಒಬ್ಬರೂ ಇನ್ನು ಈ ಕೇಸಿಗೆ ಆಗುವುದಿಲ್ಲ, ಮುಂದಿನ ತಾರೀಖು ಜೂನ್‌ನಲ್ಲಿ, ಎಂದರು. "ಜ್ಯೂರಿಗೆ ಬರಬಹುದಾದೋರ ಹತ್ರ ನೀವು ಸುಳಿಯಕೂಡದು, ಮಿಸೆಸ್ ಬೀಲರ್. ಇದು ನನ್ನ ಆಜ್ಞೆ. ಮೀರಿದ್ರೆ ವಿಚಾರಣೆ ತನಕ ಒಳಗೇ ಕೂರ್ಬೇಕಾಗುತ್ತೆ."

ಅವರ ಹತ್ತಿರ ಕೇಸಿನ ವಿಷಯ ಎತ್ತಬಾರದು ಎಂದಷ್ಟೇ ಗಾರ್ಮನ್ ಹೇಳಿದ್ದಿರಬೇಕು. ಆರ್ಡಿತ್ ಕೇಳಿಸಿಕೊಂಡದ್ದು ಹಾಗಲ್ಲ. ಜಿಲ್ಲೆಯಲ್ಲಿ ಇರುವುದೇ ಒಂಬತ್ತು ಸಾವಿರ ಜನ. ಇಪ್ಪತ್ತೊಂದು ತುಂಬಿದ ಯಾರು ಬೇಕಾದರೂ ಜ್ಯೂರಿಗೆ ಬರಬಹುದು. ಹಾಗಾದರೆ ಯಾರ ಹತ್ತಿರ ಸುಳಿಯಬಹುದು? ದಿನಸಿ ಅಂಗಡಿಯಲ್ಲಿ ಮುಂದಿನವರು ಹೋಗುವವರೆಗೆ ಬೇಳೆ ಡಬ್ಬಗಳ ಹಿಂದೆ ನಿಂತಿರುತ್ತಿದ್ದಳು. ಎದುರಿಗೆ ಯಾರಾದರೂ ಬಂದರೆ ರಸ್ತೆ ದಾಟುತ್ತಿದ್ದಳು. ಚರ್ಚಿಗೆ ಹೋಗುವುದನ್ನು ಬಿಟ್ಟಳು. ಬಾಲ್ಯದ ಗೆಳತಿ ಸೇಬಿನ ಕಡುಬು ತಂದು ಬಾಗಿಲು ಬಡಿದರೆ ಪರದೆಯ ಹಿಂದೆ ಉಸಿರು ಹಿಡಿದು ನಿಂತಳು. ಕಡುಬು ಮೆಟ್ಟಿಲ ಮೇಲೇ ತಣ್ಣಗಾಯಿತು. ಆಶ್ರಮದವರು ಕೆಲಸದಿಂದ ನಿಲ್ಲಿಸಿದ್ದರು. ಕೈಗೆ ಕೆಲಸವಿಲ್ಲ, ಬಾಯಿಗೆ ಮಾತಿಲ್ಲ.

ನೇಡೀನ್ ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ಊರಲ್ಲಿ ಏನಂತಾರೆ ಗೊತ್ತಾ? ಮುಖ ತೋರಿಸ್ತಾ ಇಲ್ಲ ಅಂದ್ರೆ ಮಾಡಿರ್ಲೇಬೇಕು ಅಂತಾರೆ."

"ಮಾತಾಡಿದ್ರೆ ಜೈಲು, ನೇಡೀನ್."

"ಮಾತಾಡ್ದೇ ಇದ್ರೂ ಅಲ್ಲಿಗೇ ಹೋಗ್ತಿದೀಯ. ಸಹಿ ಹಾಕ್ಬಿಡು. ನಿನ್ನ ಅಂಗಿ ಹೆಗಲ ಮೇಲೆ ನಿಲ್ತಿಲ್ಲ, ನೋಡ್ಕೊಂಡಿದೀಯಾ?"

ಹೌದು, ಅವಳು ಒಣಗಿ ಹೋಗಿದ್ದಳು. ಹಾಳೆಯ ಪ್ರಶ್ನೆಗೆ ಉತ್ತರ ಕಟ್ಟುವುದರಲ್ಲೇ ಮೇ ತಿಂಗಳು ಕಳೆಯಿತು. ಪಾತ್ರೆ ತೊಳೆಯುತ್ತ ಹನ್ನೆರಡು ಮುಖಗಳನ್ನು ಕಣ್ಣೆದುರು ಕೂರಿಸಿಕೊಂಡು ಹೇಳುತ್ತಿದ್ದಳು. ಒಂಬತ್ತನೆಯವನೋ ಹತ್ತನೆಯವನೋ ಯಾವಾಗಲೂ ತಲೆ ಅಲ್ಲಾಡಿಸುತ್ತಿದ್ದ, ನಂಬುವುದಿಲ್ಲ ಎಂದು.

ಜೂನ್ ತಿಂಗಳ ಸೋಮವಾರ ಬಂತು. ಕೋರ್ಟಿನಲ್ಲಿ ಒಂದೇ ಬೆಳಿಗ್ಗೆಗೆ ಏಳು ಕೇಸಿಗೆ ಜ್ಯೂರಿ ಎಂದು ದಿನ ಕೊಟ್ಟಿದ್ದರು. ಕರೆಸಿದ ಜ್ಯೂರಿ ಮಾತ್ರ ಒಂದು ಕೇಸಿಗೆ ಆಗುವಷ್ಟು. ಏಳರಲ್ಲಿ ಆರು ಜ್ಯೂರಿ ತನಕ ಹೋಗದೆ ಸಹಿಯಲ್ಲೇ ಬಿದ್ದು ಹೋಗುತ್ತವೆ ಎಂದು ಗಾರ್ಮನ್‌ರಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ಗೊತ್ತು. ಅದಕ್ಕೊಂದು ಪದ್ಧತಿಯೂ ಇತ್ತು. ಕರೆಸಿದವರನ್ನೆಲ್ಲ ವಿಲ್ಬರ್ ಪಡಸಾಲೆಯ ಎರಡೂ ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದ. ಆಪಾದನೆ ಹೊತ್ತವರು ಆ ಸಾಲುಗಳ ನಡುವೆಯೇ ಒಳಗೆ ಹೋಗಬೇಕು. ನಲವತ್ತು ಜೊತೆ ಕಣ್ಣು ನೋಡಿದ ಮೇಲೆ ಬಹಳ ಜನಕ್ಕೆ ಸಹಿ ಹಾಕುವ ಮನಸ್ಸಾಗುತ್ತದೆ. ಆರ್ಡಿತ್ ನೆಲ ನೋಡಿಕೊಂಡು ನಡೆದಳು. ಬರೀ ಬೂಟುಗಳು ಕಂಡವು. ಸಾಲಿನ ಕೊನೆಯ ಬೆಂಚಿನಲ್ಲಿ ಬೇರೆಯಾಗಿ ಕೂತಿದ್ದವಳು ರೊಬರ್ಟಾ, ಸಾಕ್ಷಿಗೆಂದು ಕರೆಸಿದ್ದರು. ಅವಳ ಬೂಟಿನ ಹತ್ತಿರ ಬಂದಾಗ ಆರ್ಡಿತ್‌ ಬೇಗ ಬೇಗ ಹೆಜ್ಜೆ ಹಾಕಿದಳು.

ಅವಳದು ಏಳನೆಯ ಸರದಿ. ಮೊದಲನೆಯವನು ಜ್ಯೂರಿ ಬೇಕೆಂದಿದ್ದರೆ ಅವತ್ತಿಗೆ ಅವಳು ಮನೆಗೆ ಹೋಗಬಹುದಿತ್ತು. ಅವನು ಸಹಿ ಹಾಕಿದ. ಎರಡನೆಯವನೂ ಹಾಕಿದ. ಸಹಿಯಷ್ಟೇ ಸಾಲದು, ನ್ಯಾಯಾಧೀಶರು ಪ್ರತಿಯೊಬ್ಬನಿಗೂ ಬೈಬಲ್ ಮೇಲೆ ಕೈ ಇಡಿಸಿ, ಏನು ಮಾಡಿದೆ, ನಿನ್ನ ಮಾತಲ್ಲೇ ಹೇಳು, ಎಂದು ಕೇಳುತ್ತಿದ್ದರು. ನಾಲ್ಕನೆಯವನು ಇನ್ನೂ ಮೀಸೆ ಸರಿಯಾಗಿ ಬಾರದ ಇಟ್ಟಿಗೆ ಕೆಲಸದವನು. "ನಾನು ಟ್ರ್ಯಾಕ್ಟರ್ ಬ್ಯಾಟರಿ ಕದ್ದೆ," ಎಂದು ಕಲಿಸಿಕೊಟ್ಟಿದ್ದನ್ನು ಒಪ್ಪಿಸುವ ಹಾಗೆ ಹೇಳಿ ವಕೀಲನ ಮುಖ ನೋಡಿದ, ಸರಿ ಹೇಳಿದೆನಾ ಎಂದು. ಐದನೆಯದು ಬಿತ್ತು. ಆರನೆಯದು ಬೀಳುತ್ತಿರುವಾಗ ಪ್ರೂಯಿಟ್ ಅವಳ ಪಕ್ಕಕ್ಕೆ ಜರುಗಿ ಕಾಗದ ಮಂಡಿಯ ಮೇಲಿಟ್ಟ.

"ಮುಂದೆ ನೀವೇ. ಹಾಲ್ಸಿ ಇನ್ನೂ ಇಳಿಸಿದಾರೆ. ಒಂದೇ ವರ್ಷ ಮುಖ ತೋರ್ಸೋದು. ಮಿಸೆಸ್ ಬೀಲರ್, ಹತ್ತು ನಿಮಿಷದಲ್ಲಿ ಮನೆಗೆ ಹೋಗಬಹುದು ನೀವು."

ಅವಳು ಪೆನ್ನು ಕೈಗೆ ತೆಗೆದುಕೊಂಡಳು. ಸುಳ್ಳು ಹೇಳಬಾರದು, ತೆಗೆದುಕೊಂಡಳು. ಮನೆಯ ಅಡಿಗೆಕೋಣೆ, ನೇಡೀನಳ ಬೈಗುಳ, ಹಾಸಿಗೆ, ಎಲ್ಲ ಆ ಕಾಗದದ ಆಚೆ ಕಡೆ ಇದ್ದವು.

"ಅವ್ರು ಕೇಳಿದಾಗ ನಾನು ಏನಂತ ಹೇಳ್ಬೇಕು?"

"ಸಿಟ್ಟಲ್ಲಿ ಟಾಲಿವರ್ ತೋಳು ತಿರುಚಿದೆ ಅನ್ನಿ. ಒಂದು ವಾಕ್ಯ."

ಆರ್ಡಿತ್ ಮನಸ್ಸಿನಲ್ಲೇ ಹೇಳಿ ನೋಡಿದಳು. ತುಟಿಯವರೆಗೆ ತಂದಳು. ಒದ್ದೆ ನೆಲದ ಮೇಲೆ ಕೂತು ಏದುಸಿರು ಬಿಡುತ್ತಿದ್ದ ಮುದುಕರ ಮೈ ಇನ್ನೂ ಅವಳ ತೋಳಿಗೆ ಒರಗಿಕೊಂಡೇ ಇತ್ತು. ಎರಡನೆಯ ಸಲ ಹೇಳಿ ನೋಡಿದಳು. ಪೆನ್ನನ್ನು ಅವನಿಗೆ ತಿರುಗಿ ಕೊಟ್ಟಳು.

"ಆಗಲ್ಲ."

"ಐದು ವರ್ಷ, ಮಿಸೆಸ್ ಬೀಲರ್."

"ಗೊತ್ತು. ಹೆದ್ರಿಕೆಯಾಗ್ತಿದೆ ನಂಗೆ. ಆದ್ರೂ ಆ ಮಾತು ಬಾಯಿಗೆ ಬರಲ್ಲ. ನಾನೇನ್ ಮಾಡ್ಲಿ?"

ಪ್ರೂಯಿಟ್ ಎದ್ದು ಹೋಗಿ ಹಾಲ್ಸಿಯ ಕಿವಿಯಲ್ಲಿ ಹೇಳಿದ. ಹಾಲ್ಸಿ ತಿರುಗಿ ಅವಳನ್ನು ನೋಡಿದ, ಗಡಿಯಾರ ನೋಡಿದ, ಹತ್ತು ನಿಮಿಷ ಕೊಡಿ ಎಂದು ನ್ಯಾಯಾಧೀಶರನ್ನು ಕೇಳಿದ. ಆ ಹತ್ತು ನಿಮಿಷ ಆರ್ಡಿತ್ ತನ್ನ ಕೈಗಳನ್ನೇ ನೋಡುತ್ತ ಕೂತಳು. ಹೊರಗೆ ಜ್ಯೂರಿಯವರು ಕೆಮ್ಮುವುದು, ಬೂಟು ಸರಿಸುವುದು ಕೇಳುತ್ತಿತ್ತು. ಒಳಗೆ ಬರುತ್ತಾರೆ, ಕೂರುತ್ತಾರೆ, ತನ್ನನ್ನು ಕರೆಯುತ್ತಾರೆ. ತಿಂಗಳೆಲ್ಲ ಕಟ್ಟಿದ ಉತ್ತರ ಒಂದಕ್ಷರವೂ ನೆನಪಾಗಲೊಲ್ಲದು.

ಹಾಲ್ಸಿ ಎದ್ದು ನಿಂತು, ಈ ಕೇಸನ್ನು ಸರ್ಕಾರ ನಡೆಸುವುದಿಲ್ಲ ಎಂದ. ಬಾಗಿಲ ಸಂದಿಯಿಂದ ನೋಡಿದ್ದ ಹುಡುಗಿ ಏಪ್ರಿಲ್‌ನಲ್ಲೇ ಮದುವೆಯಾಗಿ ಅರ್ಕಾನ್ಸಾಗೆ ಹೋಗಿದ್ದಳು, ಬರುವುದಿಲ್ಲ ಎಂದು ಬರೆದಿದ್ದಳು. ಅದು ಹಾಲ್ಸಿಗೆ ಎರಡು ತಿಂಗಳಿಂದ ಗೊತ್ತಿತ್ತು. ಹೇಗೂ ಸಹಿ ಹಾಕುತ್ತಾಳೆ ಎಂದು ಕಾದಿದ್ದ. ಗಾರ್ಮನ್ ಏನೋ ಬರೆದುಕೊಂಡರು, ವಿಲ್ಬರ್‌ಗೆ ಸನ್ನೆ ಮಾಡಿದರು. ನಲವತ್ತು ಜನ ಗೊಣಗುತ್ತ ಮೆಟ್ಟಿಲಿಳಿದು ತಮ್ಮ ತಮ್ಮ ಗಾಡಿ ಹತ್ತಿದರು.

"ಗೆದ್ವಿ," ಎಂದ ಪ್ರೂಯಿಟ್, ಹೊರಗೆ ಬಂದು.

"ನನ್ನನ್ನ ಯಾರೂ ಏನೂ ಕೇಳ್ಲೇ ಇಲ್ವಲ್ಲ."

"ಕೇಳ್ದೇ ಇರೋದೇ ಒಳ್ಳೇದು."

"ಕೆಲಸಕ್ಕೆ ತಗೋತಾರಾ ಈಗ?"

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. "ಅದು ಆಶ್ರಮದವರ ಇಷ್ಟ. ನೀವು ಮಾಡಿಲ್ಲ ಅಂತ ಕೋರ್ಟು ಹೇಳಿಲ್ಲ. ಕೇಸು ಬೇಡ ಅಂದಿದೆ, ಅಷ್ಟೆ."

ಆಗ ಕೊನೆಯ ಬೆಂಚಿನಿಂದ ರೊಬರ್ಟಾ ಎದ್ದು ಬಂದಳು. ಎತ್ತರದ ಹೆಂಗಸು, ಶಾಲೆ ಬಸ್ಸು ಓಡಿಸುವವಳು. ಕೈ ಕಟ್ಟಿಕೊಂಡು ನಿಂತಳು.

"ಎರಡು ಸಲ ರಜ ಹಾಕಿ ಬಂದೆ. ನನ್ನನ್ನೂ ಒಂದು ಮಾತು ಕೇಳ್ಲಿಲ್ಲ. ಮಿಸೆಸ್ ಬೀಲರ್, ಆವತ್ತು ಆ ಸ್ನಾನದ ಕೋಣೇಲಿ ಏನಾಯ್ತು?"

ಪ್ರೂಯಿಟ್ ಆರ್ಡಿತ್‌ಳ ತೋಳು ಮುಟ್ಟಿದ. "ಏನೂ ಹೇಳ್ಬೇಕಾಗಿಲ್ಲ ನೀವು."

"ಇದನ್ನ ಹೇಳಕ್ಕೇ ಬಂದಿದ್ದು ನಾನು. ನೀವು ಹೋಗಿ."

ಅವಳು ಹೇಳಿದಳು. ನೀರು ಹದ ಮಾಡಿದ್ದರಿಂದ ಶುರು ಮಾಡಿ, ಕಾಲು ಜಾರಿದ್ದು, ನಲ್ಲಿ ಎಷ್ಟು ಹತ್ತಿರ ಇತ್ತು ಎಂಬುದು, ಎಲ್ಲ. ರೊಬರ್ಟಾಳ ಮುಖದಲ್ಲಿ ಏನೂ ಕಾಣಲಿಲ್ಲ.

"ಹಾಳೇಲಿ ಯಾಕೆ ಬರೀಲಿಲ್ಲ?"

ಹನ್ನೆರಡು ಜನರಿಗಿಂತ ಈ ಒಬ್ಬಳೇ ಹೆಚ್ಚು ಎನ್ನಿಸಿತು ಆರ್ಡಿತ್‌ಗೆ. "ಬರೀಬೇಕಿತ್ತು. ಅದು ನನ್ನ ತಪ್ಪು. ನಿಮ್ಮಪ್ಪ ಬೇಡ ಅಂತ ಕೈ ಹಿಡ್ಕೊಂಡ್ರು. ಬಿದ್ದೋರನ್ನ ಗಾಲಿಕುರ್ಚಿಗೆ ಹಾಕ್ಬಿಡ್ತಾರೆ ಅಂತ ಭಯ ಅವ್ರಿಗೆ."

"ಏನಂದ್ರು? ಅವ್ರು ಅಂದಿದ್ದನ್ನೇ ಹೇಳಿ."

"'ಆ ಕುರ್ಚಿ ಹತ್ತಿಸಿದ್ರೆ ವಿಳಾಸ ಇಲ್ಲದ ಕಾಗದ ಆಗ್ಹೋಗ್ತೀನಿ, ಎಲ್ಲಿ ಇಡ್ತಾರೋ ಅಲ್ಲೇ ಬಿದ್ದಿರ್ಬೇಕು' ಅಂದ್ರು."

ರೊಬರ್ಟಾ ಕಟ್ಟಿದ ಕೈ ಬಿಟ್ಟಳು. ನಿಧಾನಕ್ಕೆ ಬೆಂಚಿನ ಮೇಲೆ ಕೂತಳು. "ನಂಗೂ ಹಂಗೇ ಅಂದಿದಾರೆ, ಈಸ್ಟರ್ ದಿವ್ಸ," ಎಂದಳು. ಕ್ಷಮಿಸಿ ಎನ್ನಲಿಲ್ಲ, ಆರ್ಡಿತ್ ಅದನ್ನು ಕಾಯಲೂ ಇಲ್ಲ. ಹೋಗಲೋ ಇರಲೋ ಗೊತ್ತಾಗದೆ ಕೈಚೀಲ ಹಿಡಿದು ನಿಂತಿದ್ದಳು.

"ನಮ್ಮನೆ ತೊಟ್ಟಿ ಅಂಚು ಎತ್ತರ," ಎಂದಳು ರೊಬರ್ಟಾ ಕೊನೆಗೆ. "ಹೋದ ವಾರ ಮಂಡಿ ಕೆತ್ತಿಸ್ಕೊಂಡ್ರು. ಗುರುವಾರ ಮತ್ತೆ ಸ್ನಾನ, ನೆನೆಸ್ಕೊಂಡ್ರೆ ನಂಗೆ ಇವತ್ತಿಂದಾನೇ ಭಯ. ನೀವು ಬರ್ತೀರಾ? ಇಲ್ಲಾಂದ್ರೆ ಎಲ್ಲಿ ಹಿಡೀಬೇಕು ಅಂತಾದ್ರೂ ಹೇಳಿ."

"ಬರ್ತೀನಿ. ಎದ್ದು ಆ ಕಡೆ ತಿರುಗಿ ನಿಲ್ಲಿ." ಆರ್ಡಿತ್ ಕೈಚೀಲ ಬೆಂಚಿನ ಮೇಲಿಟ್ಟಳು. ಹಿಂದಿನಿಂದ ರೊಬರ್ಟಾಳ ಎರಡೂ ಕಂಕುಳ ಕೆಳಗೆ ಕೈ ತೂರಿಸಿ, ಎದೆಗೆ ಒರಗಿಸಿಕೊಂಡು, ಭಾರ ತನ್ನ ಸೊಂಟಕ್ಕೆ ತೆಗೆದುಕೊಂಡಳು. "ಹೀಗೆ. ತೋಳು ಯಾವತ್ತೂ ಹಿಡೀಬಾರದು. ಆವತ್ತು ನಂಗೆ ಅಷ್ಟು ಹೊತ್ತಿರ್ಲಿಲ್ಲ."